ಅಪಘಾತವಾದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ? ವಿಮೆ, ಪೊಲೀಸ್, ಕೋರ್ಟು: ಸಮಗ್ರ ಮಾರ್ಗದರ್ಶಿ

ವಾರಕ್ಕೆ ಒಬ್ಬರಾದರೂ ನಮ್ಮ ಕೌಂಟರಿಗೆ ಬಂದು ಹೀಗೆ ಕೇಳುತ್ತಾರೆ. "ಸರ್, ಆಕ್ಸಿಡೆಂಟ್ ಆಗಿ ಹದಿನೈದು ದಿನ ಆಯ್ತು. ಅರ್ಜೆಂಟ್ ಇತ್ತು, ಹೊರಗಡೆ ರೆಡಿ ಮಾಡಿಸಿಬಿಟ್ಟೆ. ಬಿಲ್ ಇದೆ, ಕ್ಲೇಮ್ ಹಾಕಿಕೊಡಿ." ಬಿಲ್ ನಿಜ. ಆಕ್ಸಿಡೆಂಟೂ ನಿಜ. ಪಾಲಿಸಿ ಚಾಲ್ತಿಯಲ್ಲಿದೆ. ಆದರೂ ಹಣ ಬರುವುದು ಬಹಳ ಕಷ್ಟ. ವಿಮಾ ಕಂಪನಿ ಪರವಾಗಿ ಹಾನಿ ಅಳೆಯುವ ಸರ್ವೇಯರ್ ನೋಡಬೇಕಿದ್ದ ಒಡೆದ ಭಾಗ ಆಗಲೇ ಗುಜರಿಗೆ ಹೋಗಿರುತ್ತದೆ.

ನಾನು ತುಮಕೂರಿನ ಒಂದು ಬಾಡಿ ಶಾಪ್‌ನಲ್ಲಿ ಹನ್ನೊಂದು ವರ್ಷದಿಂದ ಇನ್ಶೂರೆನ್ಸ್ ಕ್ಲೇಮ್ ನೋಡಿಕೊಳ್ಳುತ್ತಿದ್ದೇನೆ. ವಕೀಲನಲ್ಲ. ಆದರೆ ನನ್ನ ಭಾವಮೈದನ ಅಪಘಾತದ ಕೇಸಿಗಾಗಿ ಮೂರು ವರ್ಷ ಕೋರ್ಟಿಗೆ ಓಡಾಡಿದ್ದೇನೆ. ಎರಡೂ ಕಡೆ ಕಂಡಿದ್ದು ಒಂದೇ: ಜನ ಕೆಲಸ ಮಾಡದೆ ಸೋಲುತ್ತಿಲ್ಲ, ಹಿಂದುಮುಂದಾಗಿ ಮಾಡಿ ಸೋಲುತ್ತಿದ್ದಾರೆ.

ಮೊದಲು ಇದು ಗೊತ್ತಿರಲಿ: ಫೈಲು ಒಂದಲ್ಲ, ಎರಡು

ಅಪಘಾತವಾದ ದಿನವೇ ಎರಡು ಫೈಲು ಮಾಡಿ. ಒಂದು ಗಾಡಿ ಫೈಲು, ಇನ್ನೊಂದು ಗಾಯದ ಫೈಲು.

ಗಾಡಿ ಫೈಲು ಹೋಗುವುದು ನಿಮ್ಮದೇ ವಿಮಾ ಕಂಪನಿಗೆ. ಇದಕ್ಕೆ ಸ್ವಂತ ಹಾನಿ ವಿಮೆ, ಅಂದರೆ ಓನ್ ಡ್ಯಾಮೇಜ್ ಇರಬೇಕು. ಬರೀ ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಗೆ ಮಾತ್ರದ) ಪಾಲಿಸಿ ಇದ್ದರೆ ನಿಮ್ಮ ಕಾರಿನ ರಿಪೇರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಈ ಫೈಲು ದಿನಗಳ ಲೆಕ್ಕದಲ್ಲಿ ಮುಗಿಯುತ್ತದೆ.

ಗಾಯದ ಫೈಲು ಹೋಗುವುದು ತಪ್ಪು ಮಾಡಿದ ಗಾಡಿಯ ಮಾಲೀಕ ಮತ್ತು ಅವರ ವಿಮಾ ಕಂಪನಿಯ ಮೇಲೆ. ಅದನ್ನು ತೀರ್ಮಾನಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಕೋರ್ಟಿನಲ್ಲಿ ಎಲ್ಲರೂ ಎಂಎಸಿಟಿ ಅಥವಾ ಟ್ರಿಬ್ಯೂನಲ್ ಅನ್ನುತ್ತಾರೆ. ಇದು ತಿಂಗಳು, ವರ್ಷಗಳ ಲೆಕ್ಕ.

"ನನ್ನ ಇನ್ಶೂರೆನ್ಸ್‌ನವರು ಆಸ್ಪತ್ರೆ ಬಿಲ್ ಕೊಡ್ತಿಲ್ಲ" ಎಂದು ಸಿಟ್ಟಾಗುವವರು ಜಾಸ್ತಿ. ಅದು ಅವರು ಕೊಡುವ ದುಡ್ಡಲ್ಲ. ತಪ್ಪು ಬಾಗಿಲು ತಟ್ಟುತ್ತಾ ಕೂತರೆ ಸರಿಯಾದ ಬಾಗಿಲಿನ ಗಡುವು ಮುಗಿದುಹೋಗುತ್ತದೆ.

ಹಂತ 1: ಸ್ಥಳದಲ್ಲಿ ಮೊದಲ ಅರ್ಧ ಗಂಟೆ

ಮೊದಲು ಮನುಷ್ಯರು, ಆಮೇಲೆ ಗಾಡಿ. ಹಜಾರ್ಡ್ ದೀಪ ಹಾಕಿ, ತ್ರಿಕೋನದ ಫಲಕ ಇದ್ದರೆ ಹಿಂದೆ ದೂರದಲ್ಲಿ ಇಡಿ. 112ಕ್ಕೆ ಕರೆ ಮಾಡಿ. ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033.

ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಚಾಲಕನ ಕರ್ತವ್ಯ ಎಂದು 1988ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳುತ್ತದೆ. ಜನ ಸೇರಿ ಹೊಡೆಯುವ ಹಾಗಿದ್ದರೆ ಅಲ್ಲಿ ನಿಲ್ಲಲೇಬೇಕು ಎಂದೇನಿಲ್ಲ, ಕಾಯ್ದೆಯೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಸೀದಾ ಹತ್ತಿರದ ಠಾಣೆಗೆ ಹೋಗಿ. ಎಷ್ಟೇ ತಡವಾದರೂ 24 ಗಂಟೆ ದಾಟಬಾರದು.

ಆಮೇಲೆ ಫೋಟೊ. ಎಲ್ಲರೂ ಮುರಿದ ಬಂಪರಿನ ಫೋಟೊವನ್ನೇ ಇಪ್ಪತ್ತು ತೆಗೆದಿರುತ್ತಾರೆ. ಅದು ಕೊನೆಗೆ ಸಾಕು. ಮೊದಲು ದೂರದಿಂದ, ಎರಡೂ ಗಾಡಿ ಮತ್ತು ರಸ್ತೆ ಒಟ್ಟಿಗೆ ಕಾಣುವ ಹಾಗೆ ನಾಲ್ಕು ದಿಕ್ಕಿನಿಂದ ತೆಗೆಯಿರಿ. ಆಮೇಲೆ ಎರಡೂ ನಂಬರ್ ಪ್ಲೇಟ್. ಆಮೇಲೆ ಟಯರ್ ಉಜ್ಜಿದ ಗುರುತು, ಒಡೆದ ಗಾಜು ಬಿದ್ದ ಜಾಗ, ಹತ್ತಿರದ ಮೈಲಿಗಲ್ಲು ಅಥವಾ ಅಂಗಡಿ ಬೋರ್ಡು. ಇದಾದ ಮೇಲೆ ಗಾಡಿಯನ್ನು ಬದಿಗೆ ಸರಿಸಿ. ಯಾರಿಗಾದರೂ ಜೋರು ಪೆಟ್ಟಾಗಿದ್ದರೆ ಮಾತ್ರ ಪೊಲೀಸರು ಬರುವ ತನಕ ಗಾಡಿ ಇದ್ದಲ್ಲೇ ಇರಲಿ.

ಎದುರಿನವರ ಡಿಎಲ್, ಆರ್‌ಸಿ, ವಿಮೆಯ ಫೋಟೊ ಕೇಳಿ. ಕೊಡದಿದ್ದರೆ ಜಗಳ ಬೇಡ. ನಂಬರ್ ಇದ್ದರೆ ಸಾಕು, ಎಂಪರಿವಾಹನ್ ಆ್ಯಪ್‌ನಲ್ಲಿ ಆ ಗಾಡಿಯ ವಿಮೆ ಚಾಲ್ತಿಯಲ್ಲಿದೆಯಾ ಎಂದು ನೋಡಬಹುದು. ಕಂಡವರೊಬ್ಬರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ಎದುರಿಗಿನ ಬೇಕರಿ, ಪೆಟ್ರೋಲ್ ಬಂಕ್‌ನಲ್ಲಿ ಕ್ಯಾಮೆರಾ ಇದೆಯಾ ನೋಡಿ. ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗೇ ಅಳಿಸಿಹೋಗುತ್ತದೆ, ಹಾಗಾಗಿ ಅದನ್ನು ಪಡೆಯಲು ದೂರಿನಲ್ಲೇ ಪೊಲೀಸರನ್ನು ಕೇಳಿಕೊಳ್ಳಿ.

ಎಚ್ಚರಿಕೆಯ ಗುರುತು: ಗಾಡಿ ಕೆಳಗೆ ಎಣ್ಣೆ ಅಥವಾ ಕೂಲೆಂಟ್ ತೊಟ್ಟಿಕ್ಕುತ್ತಿದ್ದರೆ, ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಕೆಂಪು ದೀಪ ಹತ್ತಿದರೆ ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಒಬ್ಬರು ಹಂಪ್‌ಗೆ ಹೊಡೆಸಿ ಆಯಿಲ್ ಸಂಪ್ (ಇಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ಸೀಳಿಸಿಕೊಂಡಿದ್ದರು. ಬೆರಳು ತೂರದಷ್ಟು ಸಣ್ಣ ಸೀಳು. ಮನೆ ಹತ್ತಿರವೇ ಎಂದು ಎಂಟು ಕಿಲೋಮೀಟರ್ ಓಡಿಸಿದರು. ಇಂಜಿನ್ ಸೀಜ್ ಆಯಿತು. ಕಂಪನಿ ಸಂಪಿನ ಹಣ ಕೊಟ್ಟಿತು, ಇಂಜಿನ್ನಿನದು ಕೊಡಲಿಲ್ಲ. ಡಿಕ್ಕಿಯಿಂದಾದ ಹಾನಿ ಬೇರೆ, ಅದಾದ ಮೇಲೆ ಓಡಿಸಿದ್ದರಿಂದಾದ ಹಾನಿ ಬೇರೆ. ಎರಡನೆಯದಕ್ಕೆ ಸಾಮಾನ್ಯ ಪಾಲಿಸಿ ಹೊಣೆಯಲ್ಲ. ಟೋ ಗಾಡಿ ಕರೆಸಿ.

ಇನ್ನೊಂದು ತಪ್ಪು, ರಸ್ತೆ ಮೇಲಿನ ರಾಜಿ. ಗೀರು ಬಿದ್ದಿದೆ ಅಷ್ಟೇ ಅಂದರೆ ಮಾತಾಡಿ ಮುಗಿಸಿಕೊಳ್ಳಿ, ಅಡ್ಡಿಯಿಲ್ಲ. ಯಾರಿಗಾದರೂ ಪೆಟ್ಟಾಗಿದ್ದರೆ ಬೇಡ. ಕತ್ತು, ಸೊಂಟ, ತಲೆಯ ಪೆಟ್ಟು ಮಾರನೇ ದಿನ ಗೊತ್ತಾಗುತ್ತದೆ. ಐದು ಸಾವಿರ ತಗೊಂಡು "ಏನೂ ತಕರಾರಿಲ್ಲ" ಎಂದು ಸಹಿ ಹಾಕಿದ ಚೀಟಿ ಆಮೇಲೆ ನಿಮ್ಮ ವಿರುದ್ಧವೇ ಕೋರ್ಟಿಗೆ ಬರುತ್ತದೆ.

ಹಂತ 2: ಆಸ್ಪತ್ರೆಯ ಎಂಎಲ್‌ಸಿ ಸಾಲು

ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಅಂದರೆ ಪೊಲೀಸರಿಗೆ ಸಂಬಂಧಿಸಿದ ಗಾಯ ಎಂದು ಆಸ್ಪತ್ರೆ ಬರೆದಿಡುವ ದಾಖಲೆ. ಗಾಯದ ಫೈಲು ಗೆಲ್ಲುವುದೂ ಸೋಲುವುದೂ ಬಹಳ ಸಲ ಇಲ್ಲೇ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಡಾಕ್ಟರು "ಏನಾಯ್ತು?" ಎಂದು ಕೇಳಿ ಒಂದು ಸಾಲು ಬರೆದುಕೊಳ್ಳುತ್ತಾರೆ. ಕರೆದುಕೊಂಡು ಬಂದವರು ಗಾಬರಿಯಲ್ಲಿ ಏನು ಹೇಳುತ್ತಾರೋ ಅದೇ ದಾಖಲೆ.

ನನ್ನ ಭಾವಮೈದ ಶಿರಾ ರಸ್ತೆಯಲ್ಲಿ ಸ್ಕೂಟರಿನಲ್ಲಿ ಬರುತ್ತಿದ್ದ. ಹಿಂದಿನಿಂದ ಕಾರು ಗುದ್ದಿತು. ಎತ್ತಿಕೊಂಡು ಹೋದ ಊರಿನವರಿಗೆ ಪೊಲೀಸ್ ಕೇಸಿನ ಭಯ. "ಸ್ಕೂಟರಿಂದ ಬಿದ್ದ" ಎಂದರು. ಡಾಕ್ಟರು ಹಾಗೇ ಬರೆದರು. ನಾವು ಆಪರೇಷನ್ ಓಡಾಟದಲ್ಲಿ ಆರು ದಿನ ಠಾಣೆಗೆ ಹೋಗಲಿಲ್ಲ. ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ಕೇಳಿದ್ದು ಎರಡೇ ಪ್ರಶ್ನೆ. ತಾನೇ ಬಿದ್ದ ಎಂದು ಆಸ್ಪತ್ರೆಯಲ್ಲಿ ಬರೆದಿದೆಯಲ್ಲ? ಆರು ದಿನ ಬಿಟ್ಟು ಕಾರಿನ ನಂಬರ್ ಎಲ್ಲಿಂದ ಬಂತು? ಆ ಎರಡಕ್ಕೆ ಉತ್ತರ ಕೊಡಲು ಡಾಕ್ಟರನ್ನೂ ಕಣ್ಣಾರೆ ಕಂಡವರನ್ನೂ ಸಾಕ್ಷಿಗೆ ಕರೆಸಬೇಕಾಯಿತು. ಒಂದೂವರೆ ವರ್ಷ ಅದಕ್ಕೇ ಹೋಯಿತು.

ಆದ್ದರಿಂದ ಮೊದಲ ದಿನವೇ ಇಷ್ಟು ನೋಡಿಕೊಳ್ಳಿ. ಎಂಎಲ್‌ಸಿ ಮಾಡಿಸಿ. ರಸ್ತೆ ಅಪಘಾತ ಎಂದು ಬರೆದಿದೆಯಾ? ದಿನ, ಸಮಯ, ಜಾಗ ಸರಿಯಿದೆಯಾ? ಗೊತ್ತಿದ್ದರೆ ಗುದ್ದಿದ ಗಾಡಿಯ ನಂಬರ್ ಹೇಳಿ ಬರೆಸಿ. ತಪ್ಪಾಗಿದ್ದರೆ ಆವತ್ತೇ ಆಸ್ಪತ್ರೆಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಪೊಲೀಸ್ ಹೇಳಿಕೆಯಲ್ಲೂ ತಪ್ಪು ಹೇಗಾಯಿತು ಎಂದು ಹೇಳಿ. ದಾಖಲೆಯನ್ನು ನೀವೇ ತಿದ್ದಬೇಡಿ, ಯಾರಿಂದಲೂ ತಿದ್ದಿಸಬೇಡಿ.

ಸಹಾಯ ಮಾಡಿದವರಿಗೂ ಧೈರ್ಯ ಹೇಳಿ. ಅವರ ರಕ್ಷಣೆಗೆ ಕೇಂದ್ರದ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಇದೆ. ಕರ್ನಾಟಕದಲ್ಲಿ 2016ರದ್ದೇ ಪ್ರತ್ಯೇಕ ಕಾಯ್ದೆಯೂ ಇದೆ. ನೆರವಾದವರು ಹೆಸರು ಹೇಳಲೇಬೇಕು ಎಂದು ಯಾರೂ ಒತ್ತಾಯ ಮಾಡುವಂತಿಲ್ಲ.

ಖರ್ಚಿನ ವಿಷಯ: 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಗದುರಹಿತ ಚಿಕಿತ್ಸಾ ಯೋಜನೆ ಜಾರಿಗೆ ತಂದಿದೆ. ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಯಲ್ಲಿ ಮೊದಲ 7 ದಿನ, 1.5 ಲಕ್ಷ ರೂ. ವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಗೆ ಹೋದ ಕೂಡಲೇ ಈ ಯೋಜನೆಯ ಹೆಸರು ಹೇಳಿ ಕೇಳಿ.

ಬಿಲ್ಲುಗಳ ಮೂಲ ಪ್ರತಿ, ಡಾಕ್ಟರ ಚೀಟಿ, ಎಕ್ಸ್‌ರೇ ಫಿಲಂ, ಡಿಸ್ಚಾರ್ಜ್ ಸಮ್ಮರಿ ಎಲ್ಲ ಗಾಯದ ಫೈಲಿಗೆ. ಓಡಾಡಿದ ಆಟೋ ಖರ್ಚನ್ನೂ ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೆಡಿಕಲ್ ಶಾಪಿನ ಬಿಲ್ ಶಾಯಿ ಮೂರೇ ತಿಂಗಳಿಗೆ ಮಾಸುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಹಂತ 3: ಠಾಣೆ

ಗಾಯ, ಸಾವು, ಬೇರೆಯವರ ಆಸ್ತಿಗೆ ಹಾನಿ, ಬೆಂಕಿ, ಕಳವು: ಇಷ್ಟರಲ್ಲಿ ಯಾವುದಿದ್ದರೂ ಠಾಣೆಗೆ ಹೋಗಲೇಬೇಕು. ಗೇಟಿಗೆ ಉಜ್ಜಿದ್ದು, ಕಂಬಕ್ಕೆ ತಾಗಿದ್ದಕ್ಕೆಲ್ಲ ಎಫ್‌ಐಆರ್ ಬೇಕಿಲ್ಲ. ಬೆಂಗಳೂರಿನಲ್ಲಿ ಸಂಚಾರ ಠಾಣೆಗಳು ಬೇರೆಯೇ ಇವೆ, ಅಪಘಾತದ ಕೇಸು ಅಲ್ಲಿಗೆ ಹೋಗಬೇಕು.

ದೂರು ಸಣ್ಣದಾಗಿರಲಿ. ದಿನ, ಸಮಯ, ಜಾಗ, ಯಾವ ದಿಕ್ಕಿನಿಂದ ಯಾರು ಬಂದರು, ಎರಡೂ ಗಾಡಿಯ ನಂಬರ್, ಯಾರಿಗೆ ಎಲ್ಲಿ ಪೆಟ್ಟು. ಕಂಡಿದ್ದನ್ನು ಮಾತ್ರ ಬರೆಯಿರಿ. ತಡವಾಗಿದ್ದರೆ ಏಕೆ ತಡವಾಯಿತು ಎಂಬ ಒಂದು ಸಾಲು ಕಡ್ಡಾಯವಾಗಿ ಸೇರಿಸಿ.

2024ರ ಜುಲೈ 1ರಿಂದ ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್‌ಗಳಿರುತ್ತವೆ. ಅಜಾಗರೂಕ ಚಾಲನೆಗೆ 281, ಗಾಯಕ್ಕೆ 125(ಎ), ಭಾರಿ ಗಾಯಕ್ಕೆ 125(ಬಿ), ಸಾವಿಗೆ 106(1). ಮೂಳೆ ಮುರಿದಿದ್ದರೂ 125(ಎ) ಮಾತ್ರ ಹಾಕಿದ್ದರೆ ಗಾಯದ ಪ್ರಮಾಣಪತ್ರ ಬಂದ ಮೇಲೆ ತನಿಖಾಧಿಕಾರಿಗೆ ನೆನಪಿಸಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ.

2022ರ ಏಪ್ರಿಲ್ 1ರಿಂದ ಬಂದ ನಿಯಮದಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರ ವರದಿ ಕೊಡಬೇಕು. ನಿಮಗೆ ಬೇಕಾದ ಕಾಗದಗಳು ಇವು: ದೂರು, ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಐಎಂವಿ ರಿಪೋರ್ಟ್, ವೂಂಡ್ ಸರ್ಟಿಫಿಕೇಟ್, ಚಾರ್ಜ್‌ಶೀಟ್. ಸಾವಾಗಿದ್ದರೆ ಶವ ಪಂಚನಾಮೆ ಮತ್ತು ಮರಣೋತ್ತರ ವರದಿ.

ಕೇಸ್ ಆದ ಗಾಡಿಯನ್ನು ಮೋಟಾರು ವಾಹನ ಇನ್‌ಸ್ಪೆಕ್ಟರ್ ನೋಡಿ ಐಎಂವಿ ರಿಪೋರ್ಟ್ ಬರೆಯುವ ತನಕ ಒಂದು ಬೋಲ್ಟ್ ಕೂಡ ಬಿಚ್ಚಬೇಡಿ. ಐಎಂವಿ ಮೊದಲು, ಗಾಡಿ ಬಿಡಿಸಿಕೊಳ್ಳುವುದು ಆಮೇಲೆ, ಗ್ಯಾರೇಜು ಅದಕ್ಕೂ ಆಮೇಲೆ.

ಹಂತ 4: ವಿಮಾ ಕಂಪನಿಗೆ ತಿಳಿಸಿ

ಆವತ್ತೇ ಫೋನ್ ಮಾಡಿ ಕ್ಲೇಮ್ ನಂಬರ್ ಪಡೆಯಿರಿ. ಏಜೆಂಟರಿಗೆ ಹೇಳಿದ್ದೇನೆ ಎಂದರೆ ಕಂಪನಿಗೆ ಹೇಳಿದಂತಲ್ಲ. ಫೋನಾದ ಮೇಲೆ ಒಂದು ಮೇಲ್ ಕೂಡ ಹಾಕಿ, ದಾಖಲೆಗೆ. ಆಸ್ಪತ್ರೆಯಲ್ಲಿದ್ದು ತಡವಾಗಿದ್ದರೆ ಕಾರಣ ಬರೆಯಿರಿ. ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳಿಹಾಕಬಾರದು ಎಂದು ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2011ರಲ್ಲೇ ಸುತ್ತೋಲೆ ಹೊರಡಿಸಿದೆ.

ಈ ಹಂತದ ದೊಡ್ಡ ತಪ್ಪು ಚಾಲಕನ ಹೆಸರು ಬದಲಿಸುವುದು. ಮಗನಿಗೆ ಲೈಸೆನ್ಸ್ ಇರುವುದಿಲ್ಲ, ಓಡಿಸಿರುತ್ತಾನೆ. ಅಪ್ಪ "ನಾನೇ ಓಡಿಸ್ತಿದ್ದೆ ಅಂತ ಬರೀರಿ" ಎನ್ನುತ್ತಾರೆ. ದಯವಿಟ್ಟು ಬೇಡ. ಟೋಲ್ ಕ್ಯಾಮೆರಾ, ಆಸ್ಪತ್ರೆ ದಾಖಲೆ, ಎಫ್‌ಐಆರ್ ಎಲ್ಲ ಕಂಪನಿಯ ತನಿಖೆಗೆ ಸಿಗುತ್ತವೆ. ಕ್ಲೇಮ್ ಹೋಗುವುದರ ಜೊತೆಗೆ ಸುಳ್ಳು ದಾಖಲೆಯ ಕೇಸೂ ಮೈಮೇಲೆ ಬರುತ್ತದೆ. ಎಫ್‌ಐಆರ್‌ನಲ್ಲಿ, ಎಂಎಲ್‌ಸಿಯಲ್ಲಿ, ಕ್ಲೇಮ್ ಫಾರಂನಲ್ಲಿ ಒಂದೇ ಸತ್ಯ ಇರಬೇಕು. ಸಮಯ ಕೂಡ ಹೊಂದಬೇಕು. ಖಾಲಿ ಫಾರಂಗೆ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ, ನಮ್ಮಂಥ ಗ್ಯಾರೇಜಿನವರ ಕೈಗೂ ಬೇಡ.

ಸೆಕೆಂಡ್ ಹ್ಯಾಂಡ್ ಕಾರಿನವರು ಒಂದು ವಿಷಯ ನೋಡಿ. ಆರ್‌ಸಿ ನಿಮ್ಮ ಹೆಸರಿಗೆ ಬಂದು 14 ದಿನದೊಳಗೆ ಪಾಲಿಸಿಯನ್ನೂ ವರ್ಗಾಯಿಸಲು ಕೇಳಬೇಕು. ಪಾಲಿಸಿ ಹಳೇ ಮಾಲೀಕರ ಹೆಸರಿನಲ್ಲೇ ಇದ್ದರೆ ಗಾಡಿ ರಿಪೇರಿಯ ಹಣಕ್ಕೆ ತೊಂದರೆ ಖಂಡಿತ.

ಹಂತ 5: ಕ್ಲೇಮ್ ಹಾಕಬೇಕಾ? ಲೆಕ್ಕ ಮಾಡಿ

ಸಣ್ಣ ಹಾನಿಗೆ ಕ್ಲೇಮ್ ಹಾಕಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಕ್ಲೇಮ್ ಮಾಡದ ವರ್ಷಗಳಿಗೆ ಸ್ವಂತ ಹಾನಿ ಪ್ರೀಮಿಯಂನಲ್ಲಿ 20, 25, 35, 45, 50 ಶೇಕಡಾ ಎಂದು ಏರುತ್ತಾ ಹೋಗುವ ರಿಯಾಯಿತಿ. ಕ್ಲೇಮ್ ಮಾಡಿದರೆ ಮುಂದಿನ ರಿನ್ಯೂವಲ್‌ಗೆ ಸೊನ್ನೆ.

ಬೋನಸ್ ಕಳೆಯುವ ಮುಂಚೆ ನಿಮ್ಮ ಸ್ವಂತ ಹಾನಿ ಪ್ರೀಮಿಯಂ 12,000 ರೂ. ಇದೆ, ಶೇ 50 ಬೋನಸ್ ಮುಟ್ಟಿದ್ದೀರಿ ಎಂದುಕೊಳ್ಳಿ. ಕ್ಲೇಮ್ ಮಾಡಿದರೆ ಮುಂದಿನ ಐದು ವರ್ಷ ಕಳೆದುಕೊಳ್ಳುವುದು 6,000, 3,600, 3,000, 1,800, 600. ಒಟ್ಟು 15,000 ರೂ. ವರ್ಷ ಕಳೆದಂತೆ ಪ್ರೀಮಿಯಂ ಇಳಿಯುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ. ಆದರೂ 8,000 ರೂ. ಬಂಪರಿಗೆ ಕ್ಲೇಮ್ ಹಾಕುವುದು ನಷ್ಟವೇ. ಬೋನಸ್ ಉಳಿಸುವ ಆ್ಯಡ್ ಆನ್ ಇದ್ದರೆ ಲೆಕ್ಕ ಬೇರೆ. ಮೊದಲು ಎಸ್ಟಿಮೇಟ್ ತೆಗೆಸಿ, ಆಮೇಲೆ ತೀರ್ಮಾನ ಮಾಡಿ.

ಹಂತ 6: ಸರ್ವೇ, ಆಮೇಲೆ ರಿಪೇರಿ

ಇಲ್ಲಿ ಕ್ರಮ ತಪ್ಪುವ ಹಾಗೇ ಇಲ್ಲ. ಗಾಡಿ ಗ್ಯಾರೇಜಿಗೆ, ಎಸ್ಟಿಮೇಟ್, ಸರ್ವೇಯರ್ ನೋಡುವುದು, ಅವರ ಒಪ್ಪಿಗೆ ಮೇಲೆ ಬಿಚ್ಚುವುದು, ಒಳಗೆ ಕಂಡ ಹಾನಿಗೆ ಪೂರಕ ಎಸ್ಟಿಮೇಟ್, ಮತ್ತೆ ಒಪ್ಪಿಗೆ, ರಿಪೇರಿ, ಮರುಪರಿಶೀಲನೆ, ಬಿಲ್.

ಪೂರಕ ಎಸ್ಟಿಮೇಟನ್ನು ಜನ ಮರೆಯುತ್ತಾರೆ. ಬಂಪರ್ ಬಿಚ್ಚಿದ ಮೇಲೆ ರೇಡಿಯೇಟರ್ ಸಪೋರ್ಟ್ ಬಾಗಿದ್ದು ಕಾಣುತ್ತದೆ. ಆಗ ಕೆಲಸ ನಿಲ್ಲಿಸಿ, ಫೋಟೊ ತೆಗೆದು ಸರ್ವೇಯರ್‌ಗೆ ಕಳಿಸಬೇಕು. ಬದಲಿಸಿದ ಮೇಲೆ ಹೇಳಿದರೆ ಒಪ್ಪುವುದಿಲ್ಲ. ತೆಗೆದ ಹಳೇ ಭಾಗಗಳನ್ನು ಬಿಲ್ ಪಾಸಾಗುವ ತನಕ ಎಸೆಯಬೇಡಿ. ನಾವು ಗಾಡಿ ನಂಬರ್ ಬರೆದ ಗೋಣಿಚೀಲದಲ್ಲಿ ಕಟ್ಟಿಡುತ್ತೇವೆ.

ಕ್ಲೇಮ್ ತಿಳಿಸಿದ 24 ಗಂಟೆಯಲ್ಲಿ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ ಎಂದು ಐಆರ್‌ಡಿಎಐ 2024ರ ಸುತ್ತೋಲೆ ಗಡುವು ಹಾಕಿದೆ. ತಡವಾದರೆ ಈ ದಿನಗಳನ್ನು ಹೆಸರಿಸಿ ಮೇಲ್ ಮಾಡಿ, ಕೆಲಸ ಆಗುತ್ತದೆ.

"ಫುಲ್ ಇನ್ಶೂರೆನ್ಸ್ ಇದೆ, ಆದ್ರೂ ನಾನ್ಯಾಕೆ ದುಡ್ಡು ಕೊಡಬೇಕು?" ದಿನಾ ಕೇಳುವ ಪ್ರಶ್ನೆ. ಕಾರಣ ಸವಕಳಿ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟಯರಿಗೆ ಶೇ 50 ಕಡಿತ. ಫೈಬರ್‌ಗೆ ಶೇ 30. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ: ಮೂರರಿಂದ ನಾಲ್ಕು ವರ್ಷದ ಗಾಡಿಗೆ ಶೇ 25, ಐದು ದಾಟಿ ಹತ್ತರೊಳಗಿದ್ದರೆ ಶೇ 40. ಇದರ ಮೇಲೆ ಕಡ್ಡಾಯ ಕಡಿತ 1,500 ಸಿಸಿ ವರೆಗೆ 1,000 ರೂ., ಅದಕ್ಕಿಂತ ಜಾಸ್ತಿ ಇದ್ದರೆ 2,000 ರೂ.

ಮೂರು ವರ್ಷ ಎರಡು ತಿಂಗಳ ಸಣ್ಣ ಕಾರು ಎಂದುಕೊಳ್ಳಿ. ಬಂಪರ್ 9,000, ಬಾನೆಟ್ 12,000, ಮುಂದಿನ ಗಾಜು 8,000, ಕೂಲಿ 6,000. ಒಟ್ಟು 35,000. ಕಂಪನಿ ಲೆಕ್ಕದಲ್ಲಿ ಬಂಪರಿಗೆ 4,500, ಬಾನೆಟ್‌ಗೆ 9,000, ಗಾಜಿಗೆ 8,000, ಕೂಲಿಗೆ 6,000. ಇದರಲ್ಲಿ 1,000 ಕಳೆದರೆ 26,500. ನಿಮ್ಮ ಕೈಯಿಂದ 8,500. ಸವಕಳಿ ಕಡಿತವಿಲ್ಲದ ಝೀರೋ ಡೆಪ್ ಆ್ಯಡ್ ಆನ್ ಇದ್ದಿದ್ದರೆ ಸುಮಾರು 1,000 ಮಾತ್ರ. ರಿಪೇರಿ ಶುರುವಾಗುವ ಮುಂಚೆಯೇ ನಿಮ್ಮ ಪಾಲೆಷ್ಟು ಎಂದು ಬರೆಸಿಕೊಳ್ಳಿ.

ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಯ) ಶೇ 75 ದಾಟಿದರೆ ಅದನ್ನು ಟೋಟಲ್ ಲಾಸ್ ಎನ್ನುತ್ತಾರೆ. ಆಗ ಗುಜರಿ ಬೆಲೆ ಯಾರು ಕಟ್ಟಿದರು, ಎಷ್ಟು ಕಟ್ಟಿದರು ಎಂದು ಬರಹದಲ್ಲಿ ಕೇಳಿ. ಸಾಲ ಇದ್ದರೆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಗುಜರಿಗೆ ಕೊಟ್ಟ ಗಾಡಿಯ ಆರ್‌ಸಿ ನಿಮ್ಮ ಹೆಸರಿನಿಂದ ಹೋಗುವ ತನಕ ಬಿಡಬೇಡಿ. ಆ ನಂಬರಿನಲ್ಲಿ ಬೇರೆ ಯಾರೋ ಓಡಿಸಿದರೆ ನೋಟಿಸ್ ನಿಮ್ಮ ಮನೆಗೇ ಬರುತ್ತದೆ.

ಹಂತ 7: ಹಣ ಕಡಿಮೆ ಬಂದರೆ, ಇಲ್ಲವೇ ಕ್ಲೇಮ್ ತಿರಸ್ಕಾರವಾದರೆ

ಕಾರಣವನ್ನು ಬರಹದಲ್ಲಿ ಕೇಳಿ, ಜೊತೆಗೆ ಸರ್ವೇ ವರದಿಯ ಪ್ರತಿ. ಪಾಲಿಸಿಯ ಯಾವ ಷರತ್ತು ಎಂದು ಹೇಳದೆ "ಆಗಲ್ಲ" ಎಂದರೆ ಒಪ್ಪಬೇಡಿ. ಕಡಿಮೆ ಹಣಕ್ಕೆ ಪೂರ್ಣ ಇತ್ಯರ್ಥದ ವೋಚರ್ ಕೊಟ್ಟರೆ "ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ" ಎಂದು ಬರೆಯದೆ ಸಹಿ ಹಾಕಬೇಡಿ.

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಬಹುದು, ಸಹಾಯವಾಣಿ 155255. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಇಂಥ ತಕರಾರು ಬಗೆಹರಿಸುವ ಅಧಿಕಾರಿ, ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಿ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂ. ವರೆಗಿನ ತಕರಾರು ನೋಡುತ್ತಾರೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕರ ಆಯೋಗಕ್ಕೆ ಗಡುವು ಎರಡು ವರ್ಷ. ಎರಡೂ ಕಡೆ ಒಟ್ಟಿಗೆ ಹಾಕಬೇಡಿ, ಒಂಬುಡ್ಸ್‌ಮನ್ ಅಂಥ ದೂರು ತಗೊಳ್ಳುವುದಿಲ್ಲ.

ಇವೆಲ್ಲ ಗಾಡಿ ಫೈಲಿಗೆ. ಗಾಯದ ಪರಿಹಾರ ಕೇಳಿಕೊಂಡು ಒಂಬುಡ್ಸ್‌ಮನ್ ಹತ್ತಿರ ಹೋದವರು ಬರಿಗೈಲಿ ವಾಪಸ್ ಬಂದಿದ್ದಾರೆ.

ಹಂತ 8: ಗಾಯದ ಫೈಲು ಟ್ರಿಬ್ಯೂನಲ್‌ಗೆ

ಅಪಘಾತವಾದ ಆರು ತಿಂಗಳೊಳಗೆ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ಈ ಗಡುವು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. "ಪೂರ್ತಿ ವಾಸಿಯಾಗ್ಲಿ, ಆಮೇಲೆ ಹಾಕೋಣ" ಎಂದು ಕಾಯುವುದು ಈಗ ದೊಡ್ಡ ಅಪಾಯ. ಅರ್ಜಿ ಮೊದಲು ಹಾಕಿ, ಅಂಗವೈಕಲ್ಯದ ಪ್ರಮಾಣಪತ್ರ ಆಮೇಲೆ ಕೊಡಬಹುದು. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ. ಹಾಗಾಗಿ ದಿನ ದಾಟಿದವರು ಆಸೆ ಬಿಡದೆ ಕೂಡಲೇ ವಕೀಲರನ್ನು ಕಾಣಿ.

ಎಲ್ಲಿ ಹಾಕಬೇಕು? ಅಪಘಾತವಾದ ಊರು, ನೀವು ವಾಸವಿರುವ ಊರು, ಎದುರಾಳಿ ಇರುವ ಊರು, ಯಾವುದಾದರೂ ಸರಿ. ಹೊಸೂರಿನಲ್ಲಿ ಅಪಘಾತವಾಗಿ ನೀವು ತುಮಕೂರಿನಲ್ಲಿದ್ದರೆ ತುಮಕೂರಿನಲ್ಲೇ ಹಾಕಬಹುದು.

ಪೊಲೀಸರ ವಿವರ ವರದಿಯನ್ನೇ ಟ್ರಿಬ್ಯೂನಲ್ ಅರ್ಜಿಯೆಂದು ತೆಗೆದುಕೊಳ್ಳಬಹುದು. ಆದರೂ ಅದನ್ನೇ ನಂಬಿ ಕೂರಬೇಡಿ. ಯಾರ ತಪ್ಪು ಎಂದು ಸಾಬೀತು ಮಾಡದೆ ಪಡೆಯುವ ದಾರಿಯೂ ಇದೆ, 164ನೇ ಸೆಕ್ಷನ್: ಸಾವಿಗೆ 5 ಲಕ್ಷ, ಭಾರಿ ಗಾಯಕ್ಕೆ 2.5 ಲಕ್ಷ ರೂ. ಅದನ್ನು ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ದುಡಿಯುವ ವಯಸ್ಸಿನವರ ಮನೆಯವರು ಮುಂದಿನ ಹಂತದ ಲೆಕ್ಕ ನೋಡದೆ ಒಪ್ಪಬಾರದು ಎಂಬುದು ನನ್ನ ಅಭಿಪ್ರಾಯ.

ವಕೀಲರ ವಿಷಯದಲ್ಲಿ ಎಚ್ಚರಿಕೆ. ವಾರ್ಡಿನ ಬಾಗಿಲಿಗೇ ಬಂದು "ಎಲ್ಲಾ ನಾವು ನೋಡ್ಕೋತೀವಿ, ಬಂದಿದ್ದರಲ್ಲಿ ಇಷ್ಟು ಪಾಲು" ಎನ್ನುವವರು ಸಿಗುತ್ತಾರೆ. ಬಂದ ಪರಿಹಾರದಲ್ಲಿ ಪಾಲು ಕೇಳುವುದಕ್ಕೆ ವಕೀಲರ ಪರಿಷತ್ತಿನ ನಿಯಮದಲ್ಲೇ ಅವಕಾಶವಿಲ್ಲ. ಖಾಲಿ ಹಾಳೆ, ಖಾಲಿ ಚೆಕ್, ಪಾಸ್‌ಬುಕ್ ಯಾರಿಗೂ ಕೊಡಬೇಡಿ. ದುಡ್ಡಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ.

ಹಂತ 9: ಪರಿಹಾರದ ಲೆಕ್ಕ ಹೇಗೆ?

ಸುಪ್ರೀಂ ಕೋರ್ಟಿನ ಎರಡು ತೀರ್ಪು, 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಥಿ, ಇದಕ್ಕೆ ಆಧಾರ.

ತಿಂಗಳಿಗೆ 20,000 ರೂ. ದುಡಿಯುತ್ತಿದ್ದ, ಸ್ವಂತ ಕಸುಬಿನ 32 ವರ್ಷದವರು ತೀರಿಕೊಂಡರು ಎಂದುಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವರನ್ನೇ ನಂಬಿದ್ದಾರೆ. 40ರ ಒಳಗಿನವರಾದ್ದರಿಂದ ಮುಂದಿನ ಗಳಿಕೆಗೆ ಶೇ 40 ಸೇರಿಸಿ: 28,000. ಅವರ ಸ್ವಂತ ಖರ್ಚಿಗೆ ನಾಲ್ಕರಲ್ಲೊಂದು ಭಾಗ ಕಳೆಯಿರಿ: 21,000. ವರ್ಷಕ್ಕೆ 2,52,000. 31ರಿಂದ 35 ವರ್ಷದವರಿಗೆ ಗುಣಕ 16. ಒಟ್ಟು 40,32,000 ರೂ. ಇದರ ಮೇಲೆ ಅಂತ್ಯಕ್ರಿಯೆ, ಕುಟುಂಬದ ಆಸರೆ ತಪ್ಪಿದ್ದಕ್ಕೆ ನಿಗದಿತ ಮೊತ್ತಗಳು, ಬಡ್ಡಿ.

ಈ ಲೆಕ್ಕದಲ್ಲಿ ಎಲ್ಲವೂ ಆದಾಯದ ಮೇಲೆ ನಿಂತಿದೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ ಇದ್ದರೆ ಕೊಡಿ. ಏನೂ ಇಲ್ಲದಿದ್ದರೆ ಕೋರ್ಟು ಒಂದು ಅಂದಾಜು ಆದಾಯ ಹಿಡಿಯುತ್ತದೆ. ಅದು ಬಹಳ ಸಲ ನಿಜವಾದ ದುಡಿಮೆಗಿಂತ ಕಡಿಮೆ. ಹಾಲಿನ ಡೈರಿಯ ಪಟ್ಟಿ, ಎಪಿಎಂಸಿ ರಸೀದಿ, ಫೋನ್‌ಪೇ ಜಮಾ, ಮೇಸ್ತ್ರಿಯ ಸಾಕ್ಷಿ, ಇವೂ ಉಪಯೋಗಕ್ಕೆ ಬರುತ್ತವೆ.

ಗಾಯದ ಕೇಸಿನಲ್ಲಿ ಶೇಕಡಾವಾರು ಅಂಗವೈಕಲ್ಯ ಮುಖ್ಯ. ಡಾಕ್ಟರು ಕೈಗೆ ಶೇ 45, ಇಡೀ ದೇಹಕ್ಕೆ ಶೇ 15 ಎಂದು ಬರೆಯಬಹುದು. ಆದರೆ ನನ್ನ ಭಾವಮೈದ ಮರಗೆಲಸದವನು. ಬಲಗೈ ಮಣಿಕಟ್ಟು ತಿರುಗದಿದ್ದರೆ ಉಳಿ ಹಿಡಿಯಲು ಆಗದು. ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಎಂಬುದನ್ನು ನೋಡಬೇಕು ಎಂದು 2011ರ ರಾಜ್ ಕುಮಾರ್ ತೀರ್ಪು ಹೇಳಿದೆ. ಅವನು ಕೋರ್ಟಿನಲ್ಲಿ ಕೈ ತಿರುಗಿಸಿ ತೋರಿಸಿದ, ಡಾಕ್ಟರು ಬಂದು ಸಾಕ್ಷಿ ಹೇಳಿದರು. ಬರೀ ಸರ್ಟಿಫಿಕೇಟ್ ಕೊಟ್ಟು ಸುಮ್ನೆ ಕೂರಬೇಡಿ. ನಿಮ್ಮ ಕೆಲಸ ಏನು, ಈಗ ಏನು ಆಗುತ್ತಿಲ್ಲ ಎಂದು ಬಿಡಿಸಿ ಹೇಳಿ.

ಹಂತ 10: ರಾಜಿ, ಮೇಲ್ಮನವಿ

ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ, ಆದರೆ ಅಲ್ಲಿನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಹೋಗುವ ಮುಂಚೆ ಮೇಲಿನ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇನ್ನೊಂದು ಆಪರೇಷನ್ ಬಾಕಿ ಇದ್ದರೆ ಅದರ ಖರ್ಚನ್ನೂ ಸೇರಿಸಿ. ಟ್ರಿಬ್ಯೂನಲ್ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ತಕರಾರಿನ ಮೊತ್ತ 1 ಲಕ್ಷ ರೂ. ಒಳಗಿದ್ದರೆ ಆ ದಾರಿ ಇಲ್ಲ.

ತಪ್ಪು ನಿಮ್ಮದೇ ಆಗಿದ್ದರೆ

ಟ್ರಿಬ್ಯೂನಲ್‌ನಿಂದ ನಿಮಗೆ ಸಮನ್ಸ್ ಬಂದರೆ "ಇನ್ಶೂರೆನ್ಸ್ ಇದೆಯಲ್ಲ" ಎಂದು ಬಿಟ್ಟುಬಿಡಬೇಡಿ. ಆವತ್ತೇ ಅದರ ಪ್ರತಿಯನ್ನು ಡಿಎಲ್, ಆರ್‌ಸಿ, ಪಾಲಿಸಿ ಜೊತೆ ಕಂಪನಿಗೆ ಕಳಿಸಿ, ನೀವೂ ಹಾಜರಾಗಿ. ಡಿಎಲ್ ಇರಲಿಲ್ಲ ಎಂದು ಕಂಪನಿ ವಾದಿಸಿ, ಅಲ್ಲಿ ನೀವಿಲ್ಲದಿದ್ದರೆ, ಗಾಯಾಳುವಿಗೆ ಕಟ್ಟಿದ ಹಣವನ್ನು ನಿಮ್ಮಿಂದ ವಸೂಲಿ ಮಾಡಲು ಆದೇಶ ಆಗಬಹುದು. ಇನ್ನೊಬ್ಬರ ಆಸ್ತಿಗಾದ ಹಾನಿಗೆ ಕಾರಿನ ಪಾಲಿಸಿಯಲ್ಲಿ ಮಿತಿ 7.5 ಲಕ್ಷ ರೂ. ಸಾವು, ಗಾಯಕ್ಕೆ ಮಿತಿ ಇಲ್ಲ.

ನಿಮ್ಮದೇ ತಪ್ಪಿನಿಂದ ನಿಮಗೇ ಪೆಟ್ಟಾದರೆ ಟ್ರಿಬ್ಯೂನಲ್‌ನಲ್ಲಿ ಬೇರೆಯವರ ಮೇಲೆ ಕೇಳುವಂತಿಲ್ಲ. ಆಗ ಉಳಿಯುವುದು ಮಾಲೀಕ-ಚಾಲಕನ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆ, ಅದೂ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ. ಇದನ್ನು ಎಷ್ಟೋ ಮನೆಯವರು ಕೇಳುವುದೇ ಇಲ್ಲ, ಅಂಥದ್ದೊಂದು ಇದೆ ಎಂದು ಗೊತ್ತಿರುವುದಿಲ್ಲ. ಪಾಲಿಸಿಯ ಹಾಳೆಯಲ್ಲಿ ಆ ಸಾಲಿದೆಯಾ, ನಾಮಿನಿ ಹೆಸರು ಸರಿಯಿದೆಯಾ ಎಂದು ಇವತ್ತೇ ನೋಡಿ.

ಗುದ್ದಿ ಓಡಿಹೋದರೆ

ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ ಅಪಘಾತವಾದ ತಾಲ್ಲೂಕಿನ ತಹಸೀಲ್ದಾರರು ಅಥವಾ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬೇಕು. ಸಾವಿಗೆ 2 ಲಕ್ಷ, ಭಾರಿ ಗಾಯಕ್ಕೆ 50,000 ರೂ. ಎಫ್‌ಐಆರ್, ಆಸ್ಪತ್ರೆ ಅಥವಾ ಮರಣೋತ್ತರ ವರದಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಅರ್ಜಿ ಕೊಟ್ಟ ಮೇಲೂ ಠಾಣೆಗೆ ಹೋಗುವುದು ನಿಲ್ಲಿಸಬೇಡಿ. ಟೋಲ್ ಕ್ಯಾಮೆರಾದಲ್ಲಿ ಗಾಡಿ ನಂಬರ್ ಸಿಕ್ಕಿಬಿಟ್ಟರೆ ಹಂತ 8ರ ದಾರಿ ನಿಮಗೂ ತೆರೆಯುತ್ತದೆ.